ನಡುವೆ ಸೂರ್ಯ, ಸುತ್ತ ಗ್ರಹಗಳು

ಮಾಸ್ಟ್ರು ಹೋದರಂತೆ ಎಂದು ಅವರು ಹಿಂದೆ ಇದ್ದ ಹೋಟೆಲಿನ ಸಪ್ಲೈಯರ್ ಒಬ್ಬ ಮನೆಗೆ ಬಂದು ಹೇಳಿದಾಗ ನನ್ನ ಬಾಯಿಂದ ಹೊರಟ ಮೊದಲ ಮಾತು, "ನಿಮಗೆ ಹೇಗೆ ಗೊತ್ತು?" ಆತ ನನ್ನ ಮುಖವನ್ನೇ ನೋಡಿದ. "ಊರಿಂದ ಕಾರ್ಡು ಬಂದುಂಟು ಅಮ್ಮ. ಧಣಿಗಳು ಓದಿ ಹೇಳಿದ್ರು," ಅಂದ. ಸಾವಿನ ಸುದ್ದಿ ಹೊತ್ತು ತಂದವರನ್ನು ಹೀಗೆ ಅಡ್ಡಪ್ರಶ್ನೆ ಕೇಳುವ ಹೆಂಗಸು ಎಂಥವಳಪ್ಪಾ ಅಂತ ಪಾಪ ಅವನಿಗೆ ಅನ್ನಿಸಿರಬೇಕು. ಏನು ಮಾಡಲಿ, ಅದು ಮಾಸ್ಟ್ರಿಂದ ನನಗೆ ಅಂಟಿದ ಜಾಡ್ಯ. ಮದುವೆ ಗೊತ್ತಾಯಿತು ಅಂದರೂ ಹಾಗೇ ಕೇಳುತ್ತೇನೆ, ನಾಳೆ ಮಳೆ ಅಂದರೂ ಹಾಗೇ ಕೇಳುತ್ತೇನೆ. ಗೊತ್ತಿದ್ದವರೆಲ್ಲ ಬೈದು ಬೈದು ಸುಸ್ತಾಗಿ ಸುಮ್ಮನಾಗಿದ್ದಾರೆ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೆಸರುಗಳ ಮೇಲೆ ಅವರಿಗೇ ಅಷ್ಟಾಗಿ ಮೋಹವಿರಲಿಲ್ಲ. "ಹೆಸರು ಪರೀಕ್ಷೆಗೆ ಸಾಕು ಅಮ್ಮ. ಮನುಷ್ಯ ಮಾಡಿದ್ದು ಎಂತ, ಅದನ್ನು ನೋಡಬೇಕು," ಎನ್ನುತ್ತಿದ್ದರು. ನಾನು ಕೆಲಸ ಮಾಡುತ್ತಿದ್ದ ಪ್ರೆಸ್ಸಿನಲ್ಲಿ ಎಲ್ಲರಿಗೂ ಅವರು ಮಾಸ್ಟ್ರು. ನಾನು ಮೈಸೂರು ಕಡೆಯವಳು, ಮೇಷ್ಟ್ರು ಅನ್ನಬೇಕಾದವಳು. ಆದರೆ ಅವರ ಕಡೆಯ ಮಾತೇ ನನ್ನ ನಾಲಿಗೆಗೂ ಕೂತುಬಿಟ್ಟಿತು.

ನಾನು ಹೇಳುತ್ತಿರುವುದು ಐವತ್ತರ ದಶಕದ ಮಾತು. ಮದರಾಸಿನ ಪ್ಯಾರೀಸ್ ಕಾರ್ನರ್ ಹಿಂದಿನ ಒಂದು ಗಲ್ಲಿಯಲ್ಲಿ ನಮ್ಮ ಪ್ರೆಸ್ಸು. ದಕ್ಷಿಣ ಕನ್ನಡ ಜಿಲ್ಲೆ ಆಗ ಇನ್ನೂ ಮದರಾಸು ರಾಜ್ಯದಲ್ಲೇ ಇತ್ತು, ಅಲ್ಲಿನ ಹೈಸ್ಕೂಲು ಮಕ್ಕಳ ಕನ್ನಡ ಪುಸ್ತಕ ಕೆಲವು ನಮ್ಮಲ್ಲಿ ಅಚ್ಚಾಗುತ್ತಿದ್ದವು. ಜೊತೆಗೆ ಕನ್ನಡ ಪಂಚಾಂಗ, ಲಗ್ನಪತ್ರಿಕೆ, ಹೋಟೆಲುಗಳ ತಿಂಡಿ ಪಟ್ಟಿ. ಯಜಮಾನರು ತಮಿಳರು. ಅಚ್ಚುಮೊಳೆ ಜೋಡಿಸುತ್ತಿದ್ದ ಆರುಮುಗಂ ಕೂಡ ತಮಿಳರು. ಒಂದಕ್ಷರ ಕನ್ನಡ ಓದಲು ಬಾರದಿದ್ದರೂ ಅಕ್ಷರದ ಆಕಾರ ನೋಡಿಯೇ ಆರುಮುಗಂ ಪುಟಗಟ್ಟಲೆ ಕನ್ನಡ ಜೋಡಿಸುತ್ತಿದ್ದರು, ಅದೂ ಬಿ.ಎ. ಮಾಡಿದ ನಾನು ಕೈಯಲ್ಲಿ ಬರೆದರೆ ಆಗುವಷ್ಟೂ ತಪ್ಪಿಲ್ಲದೆ. ಕನ್ನಡ ಓದಲು ಬರುತ್ತಿದ್ದವಳು ಅಲ್ಲಿ ನಾನೊಬ್ಬಳೇ. ಪ್ರೂಫ್ ನೋಡುವುದು ನನ್ನ ಕೆಲಸ. ನಮ್ಮಪ್ಪ ರೈಲ್ವೆಯಲ್ಲಿ ಗುಮಾಸ್ತರಾಗಿದ್ದವರು, ನಿವೃತ್ತರಾದ ವರ್ಷವೇ ಪಾರ್ಶ್ವವಾಯು ಹೊಡೆದು ಮಂಚ ಹಿಡಿದಿದ್ದರು. ಪುರಸೈವಾಕ್ಕಂನಲ್ಲಿದ್ದ ನಮ್ಮ ಎರಡು ಕೋಣೆಯ ಮನೆ ನಡೆಯುತ್ತಿದ್ದದ್ದು ನನ್ನ ಸಂಬಳದಿಂದ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ.

ಮಾಸ್ಟ್ರು ಉಡುಪಿ ಕಡೆಯ ಹೈಸ್ಕೂಲೊಂದರಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದವರು. ನಾನು ಕಂಡಾಗ ಐವತ್ತು ದಾಟಿತ್ತು. ಮದರಾಸಿಗೆ ಬಂದು, ತಮ್ಮ ಊರಿನವರೇ ನಡೆಸುತ್ತಿದ್ದ ಹೋಟೆಲಿನ ಮಹಡಿಯಲ್ಲೊಂದು ಕೋಣೆ ಹಿಡಿದು, ಇಂಗ್ಲಿಷಿನಿಂದ ಶಾಲಾ ಪುಸ್ತಕಗಳನ್ನು ಕನ್ನಡಕ್ಕೆ ತಂದುಕೊಡುತ್ತಿದ್ದರು. ಅವರಷ್ಟು ಹೆದರುವ ಗಂಡಸನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ರಸ್ತೆ ದಾಟಬೇಕಾದರೆ ಪೊಲೀಸಿನವನು ಕೈ ಎತ್ತಿ ಬಸ್ಸು ನಿಲ್ಲಿಸಿದ ಮೇಲೂ ಆಚೀಚೆ ನೋಡಿ, ಇನ್ನೇನು ಅವನು ಕೈ ಇಳಿಸಬೇಕು ಅನ್ನುವಾಗ ಹೊರಡುತ್ತಿದ್ದರು. ಹಸ್ತಪ್ರತಿಯ ಬಟ್ಟೆಚೀಲದ ದಾರವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳದೆ ಬಸ್ಸು ಹತ್ತಿದವರಲ್ಲ. ಕೋಣೆಗೆ ಬೀಗ ಹಾಕಿ ಕೆಳಗಿಳಿದು, ಹಾಕಿದೆನೋ ಇಲ್ಲವೋ ಅಂತ ಮತ್ತೆ ಹತ್ತುವರು. ಗಲ್ಲಾದಲ್ಲಿ ಕೂತ ಹೋಟೆಲಿನ ಧಣಿ, "ಮಾಸ್ಟ್ರೇ, ನೀವು ಹತ್ತಿ ಇಳಿದೇ ನನ್ನ ಮೆಟ್ಟಿಲು ಸವೀತು," ಅಂತ ಹಾಸ್ಯ ಮಾಡುತ್ತಿದ್ದರು. ಹಗ್ಗ ಕಂಡು ಹಾವು ಅನ್ನುವವರಿರುತ್ತಾರೆ. ಇವರು ಹಗ್ಗವೂ ಇಲ್ಲದ ಕಡೆ ಎರಡು ಸಲ ಕಾಲು ಎತ್ತಿ ನೋಡುವ ಪೈಕಿ.

ಬೆಳಿಗ್ಗೆ ತಿಂಡಿಗೆ ಕೂತಾಗ ಸಪ್ಲೈಯರ್, "ಇಡ್ಲಿ ಬಿಸಿ ಉಂಟು ಮಾಸ್ಟ್ರೇ," ಅನ್ನುತ್ತಿದ್ದ.

"ಹೇಗೆ ಗೊತ್ತು?"

ಆತ ಬೆರಳಿನಿಂದ ಇಡ್ಲಿ ಒತ್ತಿ, "ಇಗೊಳ್ಳಿ, ಕೈ ಸುಡ್ತದೆ," ಅನ್ನುತ್ತಿದ್ದ.

"ಸರಿ, ಗೊತ್ತಾಯ್ತು. ಈಗ ನೀನು ಮುಟ್ಟದ ಇಡ್ಲಿ ತಾ."

ಇದು ವಾರಕ್ಕೆ ಎರಡು ಸಲವಾದರೂ ನಡೆಯುತ್ತಿತ್ತಂತೆ. ಹೋಟೆಲಿನಲ್ಲಿ ಕೆಲಸ ಮಾಡುವವರೆಲ್ಲ ಅವರ ಹಿಂದೆ ಆ ಮಾತನ್ನು ಅಣಕಿಸುತ್ತಿದ್ದರು. ನಾನೂ ಅಣಕಿಸಿದ್ದೇನೆ. ಒಂದು ಮಧ್ಯಾಹ್ನ ಜಡಿಮಳೆ ಹಿಡಿದು ಅವರು ಪ್ರೆಸ್ಸಿನಿಂದ ಹೊರಡಲಾರದೆ ಕೂತಿದ್ದಾಗ, "ಮಾಸ್ಟ್ರೇ, ಈ ಹೇಗೆ ಗೊತ್ತು ಅನ್ನೋದು ನಿಮಗೆ ಯಾವಾಗಿನಿಂದ ಶುರುವಾಯ್ತು?" ಅಂತ ಕೆಣಕಿದೆ. ಅವರು ಕೊಡೆಯ ಹಿಡಿಯನ್ನು ತಿರುಗಿಸತೊಡಗಿದರು.

"ನನ್ನ ಹೆಂಡತಿಗೆ ಬಾಣಂತಿತನದಲ್ಲಿ ಜ್ವರ ಬಂತು. ಮನೆಯವರೆಲ್ಲ, ಏನೂ ಆಗುವುದಿಲ್ಲ, ಎಲ್ಲರಿಗೂ ಬರುವುದೇ, ಅಂದ್ರು. ಹಿರಿಯರು ಹೇಳಿದ್ದಲ್ಲವಾ. ಹೇಗೆ ಗೊತ್ತು ಅಂತ ಆಗ ನಾನು ಕೇಳಲಿಲ್ಲ ಅಮ್ಮ," ಅಂದರು.

ಮಗು ಏನಾಯಿತು ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ಅವತ್ತಿನಿಂದ ಅಣಕಿಸುವುದನ್ನು ಬಿಟ್ಟೆ.

ಐವತ್ತಾರರಲ್ಲಿ ಅವರ ಕೈಯಲ್ಲಿದ್ದದ್ದು ಯುರೋಪಿನ ಚರಿತ್ರೆ. ಮೂಲ ಪುಸ್ತಕದಲ್ಲಿ ರಾಜರ ಯುದ್ಧಗಳ ನಡುವೆ ವಿಜ್ಞಾನಕ್ಕೆ ಬರೇ ಒಂದೂವರೆ ಪುಟ. ಮಾಸ್ಟ್ರು ಪಠ್ಯಪುಸ್ತಕದ ಸಮಿತಿಯವರ ಕೈಕಾಲು ಹಿಡಿದು ಒಪ್ಪಿಸಿ ಅದನ್ನು ಪೂರಾ ಒಂದು ಅಧ್ಯಾಯ ಮಾಡಿದರು. ದಿನಾ ಸಂಜೆ ಎರಡು ಪುಟ ಬರೆದು ತಂದು ನನ್ನ ಮೇಜಿನೆದುರು ಕೂರುವರು. ನಾನು ಓದಬೇಕು, ಅವರು ನನ್ನ ಮುಖ ನೋಡಬೇಕು. ನನ್ನ ಹುಬ್ಬು ಗಂಟಿಕ್ಕಿದರೆ ಮುಗಿಯಿತು, "ಎಂತ, ಅರ್ಥ ಆಗಲಿಲ್ಲವಾ?" ಅಂತ ಕಾಗದ ಕಿತ್ತುಕೊಳ್ಳುವರು.

"ಈ ವಿಜ್ಞಾನ ಬರುವ ಮೊದಲು ಒಂದು ಮಾತು ನಿಜವಾ ಸುಳ್ಳಾ ಅಂತ ತಿಳಿಯಬೇಕಾದರೆ, ಹೇಳಿದ್ದು ಯಾರು ಅಂತ ನೋಡ್ತಿದ್ರು. ರಾಜನಾ, ಪಾದ್ರಿಯಾ, ಸಾವಿರ ವರ್ಷದ ಹಿಂದಿನ ಗ್ರಂಥವಾ. ಆಮೇಲೆ ಮೆಲ್ಲ ಮೆಲ್ಲ, ಹೇಳಿದ್ದು ಯಾರಾದರೂ ಆಗಲಿ, ನನಗೂ ತೋರಿಸು, ನಾನೂ ಮಾಡಿ ನೋಡ್ತೇನೆ ಅನ್ನುವವರು ಬಂದ್ರು. ಬದಲಾದದ್ದು ಇಷ್ಟೇ. ಇಷ್ಟಕ್ಕೇ ಇಡೀ ಯುರೋಪು ಅಲ್ಲಾಡಿತು," ಎನ್ನುತ್ತಿದ್ದರು.

"ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋರು ಅಲ್ಲೂ ಇದ್ದರಾ?" ಅಂದೆ.

"ಇದ್ರು. ಈಗಲೂ ಇದ್ದಾರೆ. ಕೊಟ್ಟಿಗೆಗೆ ಹೋಗಿ ಕಣ್ಣಾರೆ ನೋಡಿ ಬಂದವರು ನಾಲ್ಕೇ ಮಂದಿ. ಆ ನಾಲ್ಕು ಮಂದಿಗೂ ಜೀವಭಯ."

ಅವರಿಗೆ ಪ್ರಿಯರಾದವರು ಆ ಭಯ ಪಟ್ಟವರೇ. ವಿಜ್ಞಾನದ ವೀರರ ಕಥೆ ಅವರ ಬಾಯಲ್ಲಿ ನಾನು ಕೇಳಿಯೇ ಇಲ್ಲ. ಆಕಾಶದ ನಡುವೆ ಸೂರ್ಯನನ್ನಿಟ್ಟು ಪುಸ್ತಕ ಬರೆದವನು ಅದನ್ನು ಅಚ್ಚಿಗೆ ಕೊಡಲು ವರ್ಷಗಟ್ಟಲೆ ಹಿಂದೆ ಮುಂದೆ ನೋಡಿದ. ಪ್ರತಿ ಕೈಗೆ ಬಂದಾಗ ಸಾಯುವ ಹೊತ್ತು. ದೂರದರ್ಶಕದಲ್ಲಿ ಗುರುಗ್ರಹದ ಸುತ್ತ ಚಂದ್ರರನ್ನು ಕಂಡ ಮುದುಕ, ಚರ್ಚಿನವರ ಎದುರು ಮಂಡಿಯೂರಿ, ಭೂಮಿ ತಿರುಗುತ್ತದೆ ಅಂದದ್ದು ನನ್ನ ತಪ್ಪು ಅಂತ ಓದಿ ಒಪ್ಪಿಸಿದ. ಇನ್ನೊಬ್ಬ ಗ್ರಹಗಳ ದಾರಿ ಲೆಕ್ಕ ಹಾಕಿದವನು, ಹೊಟ್ಟೆಪಾಡಿಗೆ ದೊಡ್ಡವರ ಜಾತಕ ಬರೆಯುತ್ತಿದ್ದ. ಅವನ ಮುದಿ ತಾಯಿಯನ್ನು ಮಾಟಗಾತಿ ಅಂತ ಹಿಡಿದು ಹಾಕಿದಾಗ ಎಲ್ಲ ಬಿಟ್ಟು ಓಡಿ ಹೋಗಿ, ವಾದ ಮಾಡಿ ಬಿಡಿಸಿಕೊಂಡು ಬಂದ. ಇದನ್ನು ಮಾಸ್ಟ್ರು ಮತ್ತೆ ಮತ್ತೆ ಹೇಳುತ್ತಿದ್ದರು. "ಆಕಾಶ ಅಳೆದದ್ದು ಇರಲಿ ಅಮ್ಮ. ಈ ಮುದುಕಿ ಮಾಟ ಮಾಡಿದ್ದು ನೀವು ಕಂಡಿದ್ದೀರಾ ಅಂತ ಕೋರ್ಟಿನಲ್ಲಿ ನಿಂತು ಕೇಳುವ ಕಾಲ ಬಂತಲ್ಲ. ಎಷ್ಟು ಮಂದಿ ಮುದುಕಿಯರು ಬದುಕಿಕೊಂಡ್ರು."

ಇನ್ನೊಂದು ದಿನ ಲಂಡನಿನ ಕಾಫಿ ಅಂಗಡಿಗಳ ಮಾತು ಬಂತು. ಅಲ್ಲಿ ಒಂದೇ ಬೆಂಚಿನಲ್ಲಿ ಜಮೀನ್ದಾರನ ಪಕ್ಕ ಗಡಿಯಾರ ಮಾಡುವವನು ಕೂತು ಹೊಸ ಪ್ರಯೋಗಗಳ ಬಗ್ಗೆ ವಾದ ಮಾಡುತ್ತಿದ್ದನಂತೆ. "ನಮ್ಮ ಕೆಳಗಿನ ಹೋಟೆಲಿನ ಹಾಗೆಯೇ," ಅಂದರು ಮಾಸ್ಟ್ರು. "ನಿಮ್ಮ ಹೋಟೆಲಿನಲ್ಲಿ ನಡೆಯೋ ವಾದವೆಲ್ಲ ಎರಡನೇ ಸಲ ಚಟ್ನಿ ಹಾಕಲಿಲ್ಲ ಅಂತ," ಅಂದೆ. "ಅದನ್ನೂ ಕೇಳಬೇಕಾದ್ದೇ," ಅಂದರು, ನಗದೆ.

ಅವರನ್ನು ನಾನು ನಿಜವಾಗಿ ನೋಯಿಸಿದ್ದು ಒಂದೇ ಸಲ. "ಮಾಸ್ಟ್ರೇ, ಅವರ ದೂರದರ್ಶಕ, ಗಡಿಯಾರ, ನಕ್ಷೆ ಎಲ್ಲ ಹಡಗು ಹತ್ತಿ ನಮ್ಮ ತಲೆ ಮೇಲೇ ಬಂದು ಕೂತವಲ್ಲ. ಇಂಗ್ಲಿಷರ ಕೋಟೆ ಇಲ್ಲೇ ಇದೆ, ನಡೆದರೆ ಹತ್ತು ನಿಮಿಷ. ಅದನ್ನು ಯಾಕೆ ಬರೆದಿಲ್ಲ?" ಅಂದೆ. ಅವರ ಮುಖ ಸಣ್ಣದಾಯಿತು. ಎರಡು ದಿನ ಪ್ರೆಸ್ಸಿನ ಕಡೆ ಬರಲಿಲ್ಲ. ಮೂರನೆಯ ದಿನ ಒಂದು ಹೊಸ ಪ್ಯಾರಾ ಬರೆದು ತಂದು ನನ್ನ ಮುಂದಿಟ್ಟರು. "ನೀವು ಹೇಳಿದ್ದು ಸರಿ. ಇದು ಇಲ್ಲದಿದ್ದರೆ ಉಳಿದದ್ದೂ ಅರ್ಧ ಸುಳ್ಳು. ಎರಡು ರಾತ್ರಿ ನಿದ್ದೆ ಬರಲಿಲ್ಲ ನೋಡಿ," ಅಂದರು. ಇಪ್ಪತ್ತೈದರ ಹುಡುಗಿಯ ಮಾತಿಗೆ ಅಷ್ಟು ಬೆಲೆ ಕೊಟ್ಟವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅವರಿಗೆ ಆತುರಕ್ಕೆ ಕಾರಣವಿತ್ತು. ನವೆಂಬರ್ ಒಂದನೇ ತಾರೀಕು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿಬಿಡುತ್ತದೆ. ಅದಕ್ಕೆ ಮೊದಲು ಪುಸ್ತಕ ಶಾಲೆಗಳಿಗೆ ಹೋದರೆ ಹೋಯಿತು, ಇಲ್ಲದಿದ್ದರೆ ಮದರಾಸಿನಲ್ಲಿ ಅಚ್ಚಾದ ಕನ್ನಡ ಪುಸ್ತಕವನ್ನು ಯಾರು ಕೇಳುತ್ತಾರೆ? ಹೊಸ ರಾಜ್ಯದಲ್ಲಿ ಇಂಥದೇ ಕೆಲಸಕ್ಕೆ ಶಿಫಾರಸು ಮಾಡುತ್ತೇವೆ ಅಂತ ಸಮಿತಿಯವರೊಬ್ಬರು ಅವರಿಗೆ ಮಾತು ಕೊಟ್ಟಿದ್ದರು. ಆ ವಿಷಯವನ್ನು ಮಾತ್ರ ಮಾಸ್ಟ್ರು ಬಹಳ ಮೆಲ್ಲಗೆ, ಯಾರಾದರೂ ಕೇಳಿಸಿಕೊಂಡರೆ ಕೈತಪ್ಪಿ ಹೋದೀತೇನೋ ಅನ್ನುವ ಹಾಗೆ ಹೇಳಿದ್ದರು.

ಈಗ ತಪ್ಪಿಗೆ ಬರುತ್ತೇನೆ. ಹೇಳಲು ಹೆದರಿಕೆಯಾಗಿ ಇಷ್ಟು ಹೊತ್ತು ಇಡ್ಲಿ ಚಟ್ನಿ ಅಂತ ಕಾಲ ಕಳೆದೆ.

ಆ ಅಧ್ಯಾಯದಲ್ಲಿ ಒಂದು ಚಿತ್ರ ಬರಬೇಕಿತ್ತು. ನಡುವೆ ಸೂರ್ಯ, ಸುತ್ತ ಬಳೆ ಬಳೆಯಾಗಿ ಗ್ರಹಗಳ ದಾರಿ, ಮೂರನೆಯ ಬಳೆಯ ಮೇಲೆ ಭೂಮಿ. ಚಿತ್ರ ಅಚ್ಚೊತ್ತುವ ಬ್ಲಾಕು ಮಾಡಲು ಕೊಟ್ಟದ್ದು ಬಂದಿರಲಿಲ್ಲ. ಮಾಸ್ಟ್ರು ಪುಟ ಓದಿ ಒಪ್ಪಿಕೊಟ್ಟಾಗ ಆ ಜಾಗ ಬರೀ ಖಾಲಿ ಚೌಕ. ಮುಂದೆ ಗುರುತಾಗಲಿ ಅಂತ ನಾನು ಆ ಚೌಕದೊಳಗೆ ಆರುಮುಗಂಗೆ ತಮಿಳಿನಲ್ಲಿ ಬರೆದಿಟ್ಟೆ: ನಡುವೆ ಸೂರ್ಯ, ಸುತ್ತ ಗ್ರಹಗಳು. ಬ್ಲಾಕು ಇನ್ನೂ ಬರಬೇಕು, ಕಾಯಿರಿ ಅಂತ ಬರೆಯಲಿಲ್ಲ. ಆರುಮುಗಂ ದೈವಭಕ್ತರು. ಪಂಚಾಂಗದ ಬ್ಲಾಕುಗಳನ್ನಿಡುವ ಗೂಡಿನಲ್ಲಿ ನವಗ್ರಹದ ಬ್ಲಾಕು ಇತ್ತು, ದೇವಸ್ಥಾನದಲ್ಲಿರುವ ಹಾಗೆಯೇ ನಡುವೆ ಸೂರ್ಯ, ಸುತ್ತ ಎಂಟು ಗ್ರಹ. ತಂದು ಕೂರಿಸಿದರು. ಅಳತೆಯೂ ಸರಿಯಾಗಿ ಹೊಂದಿತು.

ಮೆಷಿನ್ನಿಗೆ ಹೋಗುವ ಮೊದಲಿನ ಕೊನೆಯ ಪ್ರೂಫು ನನ್ನ ಮೇಜಿಗೆ ಬಂತು. ಅವತ್ತು ಬೆಳಿಗ್ಗೆ ಅಪ್ಪ ಮಂಚದಿಂದ ಬಿದ್ದಿದ್ದರು, ಪಕ್ಕದ ಮನೆಯವರನ್ನು ಕೂರಿಸಿ ಬಂದಿದ್ದೆ. ಯಾವಾಗ ಮನೆ ಸೇರಿಯೇನು ಅಂತ ಜೀವ ಹೊಯ್ದಾಡುತ್ತಿತ್ತು. ಪ್ರೂಫ್ ನೋಡುವವರ ಕಣ್ಣು ಅಕ್ಷರದ ಮೇಲೆ ಓಡುತ್ತದೆ, ಚಿತ್ರದ ಮೇಲೆ ನಿಲ್ಲುವುದಿಲ್ಲ. ಚೌಕ ತುಂಬಿದೆ, ಕಪ್ಪಗೆ ಏನೋ ಬಂದಿದೆ, ಬ್ಲಾಕು ಬಂದಿರಬೇಕು ಅಂದುಕೊಂಡೆ. "ಅಚ್ಚು ಹಾಕಬಹುದು" ಅಂತ ಬರೆದು ಸಹಿ ಹಾಕಿ ಎದ್ದೆ. ಮಾಸ್ಟ್ರು ಕೇಳುತ್ತಿದ್ದ ಪ್ರಶ್ನೆಯನ್ನು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ರಟ್ಟು ಹಾಕಿದ ಮೊದಲ ಪ್ರತಿ ಬಂದ ದಿನ ಮಾಸ್ಟ್ರು ಕೈ ತೊಳೆದು ಒರೆಸಿಕೊಂಡು ಬಂದು ಅದನ್ನು ತೆರೆದರು. ಆ ಪುಟದಲ್ಲಿ ಏಳು ಕುದುರೆಯ ರಥದ ಮೇಲೆ ಸೂರ್ಯದೇವ, ಸುತ್ತ ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ, ಹಾವಿನ ಮೈಯ ರಾಹು ಕೇತುಗಳು. ಕೆಳಗೆ ದಪ್ಪಕ್ಷರದಲ್ಲಿ "ಹೊಸ ವಿಜ್ಞಾನಿಗಳು ಕಂಡ ಆಕಾಶ." ಅವರು ತುಂಬ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಅಮ್ಮ, ಇದರಲ್ಲಿ ಭೂಮಿ ಎಲ್ಲಿ?" ಅಂದರು.

ನನಗೆ ಮೊದಲು ನಗು ಬಂತು, ನಂತರ ನನ್ನ ಸಹಿ ನೆನಪಾಯಿತು. ಯಜಮಾನರು ಆರುಮುಗಂ ಅವರನ್ನು ಕರೆಸಿದರು. "ಸೂರಿಯನ್ ನಡುವುಲೆ ಇರುಕ್ಕಾರಾ ಇಲ್ಲಿಯಾ?" ಅಂತ ಆರುಮುಗಂ ನನ್ನನ್ನೇ ಕೇಳಿದರು. ನಡುವೆ ಸೂರ್ಯ ಇದ್ದಾನಾ ಇಲ್ಲವಾ? ಇದ್ದಾನೆ. ಸುತ್ತ ಗ್ರಹ ಇವೆಯಾ? ಇವೆ. ನಾನು ಬರೆದದ್ದನ್ನು ಚಾಚೂ ತಪ್ಪದೆ ಮಾಡಿದ್ದರು. "ಅವರದು ಏನೂ ತಪ್ಪಿಲ್ಲ. ಗ್ರಹ ಅಂದರೆ ಅವರಿಗೆ ಇವರೇ," ಅಂದರು ಮಾಸ್ಟ್ರು.

ಆ ಪುಟವಿದ್ದ ಫಾರಂ ಮತ್ತೆ ಅಚ್ಚು ಹಾಕಲು ಕಾಗದವೂ ಇಲ್ಲ, ದಿನವೂ ಇಲ್ಲ. ಹಾಗೇ ಕಳಿಸಿಬಿಡೋಣ, ಯಾರು ನೋಡುತ್ತಾರೆ ಅಂದರು ಯಜಮಾನರು. ಮಾಸ್ಟ್ರು ಒಪ್ಪಲಿಲ್ಲ; ಅಷ್ಟರಲ್ಲಿ ಬಂದಿದ್ದ ಬ್ಲಾಕಿನಿಂದ ಸರಿಯಾದ ಚಿತ್ರದ ಚೀಟಿ ಅಚ್ಚು ಹಾಕಿ ಪ್ರತಿಯೊಂದು ಪುಸ್ತಕಕ್ಕೂ ಅಂಟಿಸಬೇಕು ಅಂದರು. ಯಜಮಾನರು ಸ್ವಲ್ಪ ಯೋಚಿಸಿ, "ಚೀಟಿ ಹಾಕಿದರೆ ತಪ್ಪು ಯಾರದು ಅಂತ ಸಮಿತಿ ಕೇಳುತ್ತದೆ. ಪ್ರೆಸ್ಸಿನದು ಅಂದರೆ ನಮಗೆ ಇನ್ನು ಕೆಲಸ ಬರುವುದಿಲ್ಲ. ಸಹಿ ಹಾಕಿದವರನ್ನು ತೆಗೆದುಹಾಕಿದೆವು ಅಂತ ನಾನು ಬರೆದುಕೊಡಬೇಕಾಗುತ್ತದೆ," ಅಂದರು. ನನ್ನ ಕಡೆ ನೋಡದೆ ಹೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ನನಗೆ ಮುಟ್ಟಿಕೊಳ್ಳಲು ಕೈಯೇ ಏಳಲಿಲ್ಲ. ಮನೆಗೆ ಹೋಗಿ ಅಪ್ಪನ ಬಾಯಿಗೆ ಗಂಜಿ ಹಾಕಿ, ಡಬ್ಬಿಯಲ್ಲಿ ಉಳಿದಿದ್ದ ದುಡ್ಡು ಎಣಿಸಿದೆ.

ಮರುದಿನ ಮಾಸ್ಟ್ರು ಚೀಟಿಯ ಒಕ್ಕಣೆ ಬರೆದು ತಂದು ಯಜಮಾನರಿಗೆ ಕೊಟ್ಟರು. "ಈ ಪುಟದಲ್ಲಿ ತಪ್ಪು ಚಿತ್ರ ಬಂದಿದೆ. ಸರಿಯಾದ ಚಿತ್ರ ಇದು. ತಪ್ಪು ಅನುವಾದಕನದು." ಕೆಳಗೆ ಅವರ ಹೆಸರು. ಆ ಪುಸ್ತಕದಲ್ಲಿ ಅನುವಾದಕರ ಹೆಸರು ಹಾಕುವ ಪದ್ಧತಿಯೇ ಇರಲಿಲ್ಲ. ರಟ್ಟಿನ ಮೇಲಿಲ್ಲ, ಒಳಗಿಲ್ಲ, ಎಲ್ಲೂ ಇಲ್ಲ. ಯಜಮಾನರಿಗೆ ಹೋದ ಜೀವ ಬಂದಂತಾಯಿತು.

ನಾನು ಅವರನ್ನು ಮೆಟ್ಟಿಲ ಹತ್ತಿರ ತಡೆದೆ. "ಮಾಸ್ಟ್ರೇ, ಇದು ಸುಳ್ಳು."

"ಹೌದು."

"ಮೈಸೂರಿನ ಕೆಲಸ?"

"ಅದು ಸಿಕ್ಕಿಲ್ಲವಲ್ಲ ಇನ್ನೂ. ನಿಮ್ಮದು ಕೈಯಲ್ಲಿರುವ ಕೆಲಸ."

"ಸಹಿ ನನ್ನದು. ನಾನೇ ಹೋಗಿ, ನನ್ನನ್ನೇ ತೆಗೆಯಿರಿ ಅಂತೀನಿ."

"ಹೆದರಿಕೆ ಆಗ್ತದಲ್ಲ?"

ನಾನು ಅತ್ತುಬಿಟ್ಟೆ. ಹೌದು ಅಂತ ತಲೆ ಆಡಿಸಿದೆ.

"ನನಗೂ ಆಗ್ತದೆ. ಒಂದು ತಪ್ಪಿಗೆ ಇಬ್ಬರು ಹೆದರುವುದು ಯಾಕೆ ಅಮ್ಮ? ಒಬ್ಬ ಸಾಕು. ನನಗಾದರೆ ಅಭ್ಯಾಸ ಉಂಟು," ಅಂದು, ಕೊಡೆ ಬಿಚ್ಚಿಕೊಂಡು ಬಿಸಿಲಿಗೆ ಇಳಿದರು.

ನಾನು ಆಗ ಯಜಮಾನರ ಕೋಣೆಗೆ ಹೋಗಬೇಕಿತ್ತು. ಹೋಗಲಿಲ್ಲ, ನನ್ನ ಮೇಜಿಗೆ ಹೋಗಿ ಕೂತೆ. ಸಂಜೆ ಆ ಚೀಟಿಯ ಪ್ರೂಫು ನನ್ನ ಕೈಗೇ ಬಂತು. ಮೂರು ಸಲ ಓದಿದೆ. ಅಕ್ಷರ ಎಲ್ಲ ಸರಿಯಿತ್ತು. ಸಹಿ ಹಾಕಿದೆ.

ರಟ್ಟು ಹಾಕುವವರು ಬೇರೆ ಕೆಲಸ ಹಿಡಿದಿದ್ದರಿಂದ ಅಂಟಿಸಲು ಜನ ಇರಲಿಲ್ಲ. ಹೋಟೆಲಿನ ಧಣಿ, ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವಿನ ಹೊತ್ತಿನಲ್ಲಿ ತಮ್ಮ ಜನರನ್ನು ಕೊಡುತ್ತೇನೆ ಅಂದರು. ಪುಸ್ತಕದ ಕಟ್ಟುಗಳು ಊಟದ ಮೇಜುಗಳ ಮೇಲೆ ಏರಿದವು. ಅಡುಗೆಮನೆಯಿಂದ ಮೈದಾ ಅಂಟು ಬಂತು. ಮೊದಲ ಪುಸ್ತಕ ತೆರೆದ ಅಡುಗೆ ಭಟ್ಟರು ಕೈ ಹಿಂದಕ್ಕೆ ತೆಗೆದರು. "ಮಾಸ್ಟ್ರೇ, ಬೇರೆ ಎಂತ ಬೇಕಾದ್ರೂ ಹೇಳಿ ಮಾಡ್ತೇನೆ. ಶನಿಯ ಮುಖಕ್ಕೆ ಅಂಟು ಬಳಿಯಲಿಕ್ಕೆ ನನ್ನಿಂದ ಆಗುವುದಿಲ್ಲ. ಮೊದಲೇ ಸಾಡೇಸಾತಿ ನಡೀತಾ ಉಂಟು," ಅಂದರು. ಅವರು ಬಿಟ್ಟ ಮೇಲೆ ಇನ್ನುಳಿದವರೂ ಒಬ್ಬೊಬ್ಬರೇ ಕೈ ಒರೆಸಿಕೊಂಡು ನಿಂತರು. ಪುಸ್ತಕ ರೈಲಿಗೆ ಹೋಗಲು ಉಳಿದದ್ದು ಮೂರೇ ದಿನ.

ಬೇರೆಯವರಾಗಿದ್ದರೆ ಮೂಢನಂಬಿಕೆ ಅಂತ ರೇಗುತ್ತಿದ್ದರು. ಮಾಸ್ಟ್ರು ಭಟ್ಟರ ಮುಖವನ್ನು ನೋಡಿ, "ಹೆದರಿಕೆ ನಿಜವಾದದ್ದೇ. ಮೇಲೆ ಅಂಟಿಸುವುದು ಬೇಡ. ಪಕ್ಕದ ಅಂಚಿಗೆ ಮಾತ್ರ ಅಂಟು ಹಚ್ಚಿ, ಚೀಟಿ ಬಾಗಿಲಿನ ಹಾಗೆ ತೆರೆಯಲಿ. ಮಕ್ಕಳು ಎರಡನ್ನೂ ನೋಡಲಿ. ಎರಡು ಕಂಡರೆ ಒಂದಾದರೂ ಪ್ರಶ್ನೆ ಹುಟ್ಟೀತು," ಅಂದರು. ಭಟ್ಟರು ಸೂರ್ಯನಿಗೆ ಕೈಮುಗಿದು ಕೂತರು. ಮೂರು ಮಧ್ಯಾಹ್ನ ನಾನೂ ಅವರೊಡನೆ ಕೂತು, ತಪ್ಪು ಅನುವಾದಕನದು ಅನ್ನುವ ಆ ಸಾಲನ್ನು ಎಣಿಸಲಾರದಷ್ಟು ಸಲ ನನ್ನ ಕೈಯಾರೆ ಅಂಟಿಸಿದೆ.

ಪುಸ್ತಕ ಹೋಯಿತು. ನವೆಂಬರ್ ಬಂತು. ಮೈಸೂರಿನಿಂದ ಅವರಿಗೆ ಕಾಗದ ಬರಲಿಲ್ಲ. ಸಮಿತಿಯವರು ಆ ಚೀಟಿ ನೋಡಿದ ಮೇಲೆ ಮಾತು ಬದಲಾಯಿಸಿದರು ಅಂತ ಆಮೇಲೆ ತಿಳಿಯಿತು. ಒಂದು ವರ್ಷ ಅಲ್ಲಿ ಇಲ್ಲಿ ಸಣ್ಣಪುಟ್ಟ ಅನುವಾದ ಮಾಡಿಕೊಂಡಿದ್ದು, ಊರಿಗೆ ಹೋಗಿ ಮಕ್ಕಳಿಗೆ ಮನೆಪಾಠ ಹೇಳುತ್ತ ಉಳಿದರು. ನನ್ನ ಕೆಲಸ ಉಳಿಯಿತು. ಅಪ್ಪ ಇನ್ನೂ ಆರು ವರ್ಷ ಬದುಕಿದರು, ಆರು ವರ್ಷವೂ ಅವರ ಗಂಜಿ ಔಷಧಿ ಆ ಸುಳ್ಳಿನಿಂದಲೇ ನಡೆಯಿತು. ಮಾಸ್ಟ್ರು ಆಗೀಗ ಕಾರ್ಡು ಬರೆಯುತ್ತಿದ್ದರು. ತಂದೆಯವರು ಹೇಗಿದ್ದಾರೆ ಅಂತ ಕೇಳುತ್ತಿದ್ದರೇ ಹೊರತು ಆ ವಿಷಯ ಒಂದಕ್ಷರ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಯಾರ ಹತ್ತಿರವೂ ಹೇಳಲಿಲ್ಲ.

ಇದೆಲ್ಲ ಆಗಿ ಹತ್ತು ಹನ್ನೆರಡು ವರ್ಷದ ಮೇಲೆ, ಅವರ ಸಾವಿನ ಸುದ್ದಿ ಬಂದ ವಾರ, ಹೋಟೆಲಿನ ಮಹಡಿಯಲ್ಲಿ ಗೊತ್ತಿದ್ದವರೆಲ್ಲ ಸೇರಿದೆವು. ಹದಿನೈದು ಜನ ಇದ್ದಿರಬಹುದು. ಪ್ರೆಸ್ಸಿನ ಯಜಮಾನರು ತೀರಿಕೊಂಡಿದ್ದರು. ಆರುಮುಗಂ ಕೆಲಸ ಬಿಟ್ಟು ತಮ್ಮ ಊರಿಗೆ ಹೋಗಿದ್ದರು. ಬ್ಯಾಂಕಿನ ಕೆಲಸಕ್ಕೆ ಅಂತ ಊರಿಂದ ಮದರಾಸಿಗೆ ಬಂದಿದ್ದ ಯುವಕನೊಬ್ಬ ಎದ್ದು, ತಾನು ಹೈಸ್ಕೂಲಿನಲ್ಲಿ ಓದಿದ್ದು ಅದೇ ಪುಸ್ತಕ ಅಂದ. ಆ ಅಧ್ಯಾಯ ತನಗೆ ಇವತ್ತಿಗೂ ನೆನಪಿದೆ ಅಂದ. ಆಮೇಲೆ ನಗುತ್ತ, "ಅದರಲ್ಲೊಂದು ಚೀಟಿ ಇತ್ತು. ನವಗ್ರಹಕ್ಕೂ ಸೌರಮಂಡಲಕ್ಕೂ ವ್ಯತ್ಯಾಸ ಗೊತ್ತಿಲ್ಲದವರು ಪುಸ್ತಕ ಬರೆದಿದ್ದಾರಲ್ಲ ಅಂತ ನಾವು ಹುಡುಗರೆಲ್ಲ ತಮಾಷೆ ಮಾಡ್ತಿದ್ದೆವು," ಅಂದ. ಎಲ್ಲರೂ ಪ್ರೀತಿಯಿಂದಲೇ ನಕ್ಕರು. "ಪಾಪ, ಅದೊಂದು ತಪ್ಪು ಮಾಡದಿದ್ದರೆ ಮೈಸೂರಿನಲ್ಲಿ ದೊಡ್ಡ ಕೆಲಸ ಆಗ್ತಿತ್ತು," ಅಂದರು ಹೋಟೆಲಿನ ಧಣಿ.

ನಾನು ಎದ್ದು ನಿಂತೆ. "ಆ ತಪ್ಪು ಅವರದಲ್ಲ. ಕೊನೆಯ ಪ್ರೂಫಿಗೆ ಸಹಿ ಹಾಕಿದ್ದು ನಾನು. ನೋಡದೆ ಹಾಕಿದೆ. ನನ್ನ ಕೆಲಸ ಉಳಿಸಲು ಅವರು ತಮ್ಮ ಹೆಸರು ಬರೆದುಕೊಂಡರು," ಅಂದೆ.

"ನಿಮ್ಮದು ದೊಡ್ಡ ಮನಸ್ಸು ಅಮ್ಮ," ಅಂದ ಆ ಯುವಕ. "ಆದರೆ ಚೀಟಿಯಲ್ಲಿ ಅವರ ಹೆಸರೇ ಅಚ್ಚಾಗಿತ್ತಲ್ಲ. ನಾನೇ ಓದಿದ್ದೇನೆ."

"ಅದು ಸುಳ್ಳು. ನಾನೇ ಹೇಳ್ತಿದ್ದೀನಲ್ಲ," ಅಂದೆ. ನನ್ನ ಸಹಿಯಿದ್ದ ಆ ಪ್ರೂಫು ಯಾವ ಅಂಗಡಿಯಲ್ಲಿ ಕಡಲೆಕಾಯಿ ಪೊಟ್ಟಣವಾಗಿ ಹೋಗಿತ್ತೋ. ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ಧಣಿಗಳು ಶಲ್ಯದ ತುದಿಯಿಂದ ಕಣ್ಣೊರೆಸಿಕೊಂಡರು. "ಮಾಸ್ಟ್ರಿಗೆ ಹೆಂಡತಿ ಮಕ್ಕಳು ಅಂತ ಯಾರೂ ಇರಲಿಲ್ಲ. ಆದರೂ ನೋಡಿ, ಸತ್ತ ಮೇಲೆ ಅವರ ತಪ್ಪನ್ನು ತನ್ನ ಮೈಮೇಲೆ ಎಳೆದುಕೊಳ್ಳುವವರು ಒಬ್ಬರು ಇದ್ದಾರಲ್ಲ," ಅಂದರು.

ಎಲ್ಲರೂ ಹೌದು ಹೌದು ಅಂತ ತಲೆ ಆಡಿಸಿದರು. ಯಾರೋ ನನಗೆ ಕುರ್ಚಿ ಸರಿಸಿಕೊಟ್ಟರು. ನಾನು ಕೂತೆ.